ನೀಲಿಯ ಹತ್ತಿರ ದಾರಿ ಬೇರೆಯಾದ ಭಾಷೆಗಳು: ಸ್ಲಾವ್ ಬಣ್ಣದ ಪದಗಳ ಹುಟ್ಟು, ಬೆಳವಣಿಗೆ

ಉಕ್ರೇನಿನ ಧ್ವಜದ ಮೇಲಿನ ಪಟ್ಟಿಗೆ ಎರಡು ಹೆಸರಿವೆ. 1996ರ ಸಂವಿಧಾನದ 20ನೇ ವಿಧಿ ಅದನ್ನು ‘ಸಿನಿಯ್’, ಅಂದರೆ ನೀಲಿ, ಎನ್ನುತ್ತದೆ. ಜನರ ಬಾಯಲ್ಲಿ ಮಾತ್ರ ಅದು ‘ಝೊವ್ತೊ-ಬ್ಲಾಕಿತ್ನಿಯ್’, ಅಂದರೆ ಹಳದಿ-ತಿಳಿನೀಲಿ ಬಾವುಟ. ತಿಳಿನೀಲಿಗೆ ‘ಹೊಲುಬಿಯ್’ ಎಂಬ ಇನ್ನೊಂದು ಪದವೂ ಉಕ್ರೇನಿಯನ್ ನಿಘಂಟುಗಳಲ್ಲಿದೆ. ಆದರೆ ಅದನ್ನು ಬಳಸಿದವರಿಗೆ ‘ಅದು ರಷ್ಯನ್, ಬ್ಲಾಕಿತ್ನಿಯ್ ಅನ್ನಿ’ ಎಂದು ತಿದ್ದುವವರು ಸಿಗುತ್ತಾರೆ. ಯುದ್ಧದ ವರ್ಷಗಳಲ್ಲಿ ಇಂಥ ತಿದ್ದುಪಡಿಗೆ ರಾಜಕೀಯದ ಬಿಸಿಯೂ ತಟ್ಟಿದೆ. ಈ ಆಕ್ಷೇಪ ಎಷ್ಟರ ಮಟ್ಟಿಗೆ ಸರಿ ಎಂದು ತೂಗಬೇಕಾದರೆ ಸ್ಲಾವ್ ಭಾಷೆಗಳು ಬಣ್ಣಗಳಿಗೆ ಹೆಸರನ್ನು ಎಲ್ಲೆಲ್ಲಿಂದ ತಂದವು ಎಂಬುದನ್ನು ನೋಡಬೇಕಾಗುತ್ತದೆ.

ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಮುಂತಾದವುಗಳ ತಾಯಿಭಾಷೆಯನ್ನು ವಿದ್ವಾಂಸರು ಮೂಲಸ್ಲಾವ್ ಎಂದು ಕರೆಯುತ್ತಾರೆ. ಆ ಭಾಷೆಯಲ್ಲಿ ಬರೆದದ್ದು ಒಂದು ಸಾಲೂ ಇಲ್ಲ. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರರು 863ರ ಸುಮಾರಿಗೆ ಮೊರಾವಿಯಕ್ಕೆ ಹೊರಟ ಕಾಲಕ್ಕೆ ಸ್ಲಾವ್ ಬರಹ ಆರಂಭವಾಯಿತು. ಅಷ್ಟರಲ್ಲಿ ಈ ಭಾಷೆಯವರು ಬಾಲ್ಟಿಕ್ ತೀರದಿಂದ ಗ್ರೀಸಿನ ಅಂಚಿನವರೆಗೆ ಹರಡಿದ್ದರು. ಹಾಗಾಗಿ ಹಳೆಯ ಪದಗಳನ್ನು ಇಂದಿನ ಭಾಷೆಗಳನ್ನು ಹೋಲಿಸಿಯೇ ಕಟ್ಟಿಕೊಳ್ಳಬೇಕು.

ಹೋಲಿಸಿದಾಗ ಕಾಣುವ ಚಿತ್ರ ಕುತೂಹಲದ್ದು. ಬಿಳಿ, ಕಪ್ಪು, ಹಳದಿ, ಹಸಿರಿಗೆ ಹೆಚ್ಚುಕಡಿಮೆ ಎಲ್ಲ ಸ್ಲಾವ್ ಭಾಷೆಗಳಲ್ಲೂ ಒಂದೇ ಮೂಲದ ಪದ. ಕೆಂಪಿಗೂ ಬಹುಮಟ್ಟಿಗೆ ಹಾಗೆಯೇ, ರಷ್ಯನ್, ಸ್ಲೊವೀನಿಯನ್‌ಗಳನ್ನು ಬಿಟ್ಟರೆ. ನೀಲಿಗೆ ಬಂದ ಕೂಡಲೇ ಒಂದೊಂದು ಭಾಷೆಯದು ಒಂದೊಂದು ದಾರಿ. ಕಂದು, ಕಿತ್ತಳೆ, ನೇರಳೆಗಳಲ್ಲಂತೂ ನೆರೆಹೊರೆಯ ಭಾಷೆಗಳಿಂದ ಸಾಲ ತಂದದ್ದೇ ಹೆಚ್ಚು. 1969ರಲ್ಲಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಎಂಬ ಅಮೆರಿಕನ್ ವಿದ್ವಾಂಸರು 98 ಭಾಷೆಗಳ ಮಾಹಿತಿ ಜೋಡಿಸಿ, ಭಾಷೆಗಳು ಬಣ್ಣದ ಪದಗಳನ್ನು ಒಂದು ಕ್ರಮದಲ್ಲೇ ಪಡೆಯುತ್ತವೆ ಎಂದಿದ್ದರು: ಮೊದಲು ಕಪ್ಪು-ಬಿಳಿ, ಆಮೇಲೆ ಕೆಂಪು, ಆಮೇಲೆ ಹಸಿರು-ಹಳದಿ, ನಂತರ ನೀಲಿ, ನಂತರ ಕಂದು, ಕೊನೆಗೆ ಉಳಿದವು. ಆ ಸಿದ್ಧಾಂತಕ್ಕೆ ಆಮೇಲೆ ಬೇಕಾದಷ್ಟು ತಿದ್ದುಪಡಿಗಳಾದವು. ಆದರೂ ಸ್ಲಾವ್ ಭಾಷೆಗಳ ಮಟ್ಟಿಗೆ ಅದು ಅಚ್ಚರಿಯಾಗುವಷ್ಟು ಹೊಂದುತ್ತದೆ. ಅದು ಹೇಳದೆ ಬಿಡುವ ಸಂಗತಿಯೊಂದಿದೆ: ಖಾಲಿ ಇದ್ದ ಜಾಗವನ್ನು ತುಂಬಲು ಬಂದ ಪದ ಯಾವುದು, ಅದೇ ಯಾಕೆ ಬಂತು. ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಅಲ್ಲಿದೆ. ಅದಕ್ಕೆ ಉತ್ತರ ಕಣ್ಣಿನಲ್ಲಿ ಸಿಗುವುದಿಲ್ಲ. ಬಣ್ಣದ ಕಡಾಯಿ, ಕುದುರೆ ಲಾಯ, ಬಟ್ಟೆ ವ್ಯಾಪಾರ, ಪಕ್ಕದ ಊರಿನ ಭಾಷೆ ಇವುಗಳಲ್ಲಿ ಸಿಗುತ್ತದೆ.

ಹಳೆಯ ಪದರ

ಹಳೆಯ ಪದಗಳು ಕನ್ನಡ ಓದುಗರಿಗೆ ಪೂರ್ತಿ ಅಪರಿಚಿತವಲ್ಲ. ಸ್ಲಾವ್ ಭಾಷೆಗಳೂ ಸಂಸ್ಕೃತವೂ ಇಂಡೋ-ಯೂರೋಪಿಯನ್ ವರ್ಗದವು. ಹಾಗಾಗಿ ಕನ್ನಡದೊಳಗಿನ ಸಂಸ್ಕೃತ ಪದಗಳಲ್ಲಿ ಅವುಗಳ ಸೋದರರೂಪಗಳು ಕುಳಿತಿವೆ. ಕಪ್ಪಿಗೆ ಮೂಲಸ್ಲಾವ್ ರೂಪ ಹೆಚ್ಚುಕಡಿಮೆ ‘ಚಿರ್ನು’. ರಷ್ಯನ್ನಿನ ಚೋರ್ನಿ, ಪೋಲಿಷಿನ ಚಾರ್ನಿ, ಸರ್ಬಿಯನ್ನಿನ ತ್ಸರ್ನ್ ಎಲ್ಲ ಅದರಿಂದಲೇ. ಅದು ಸಂಸ್ಕೃತದ ‘ಕೃಷ್ಣ’ ಪದದ ಸೋದರ: ನಡುವಿನ ಊಷ್ಮಾಕ್ಷರ ಬಿದ್ದುಹೋಗಿ, ಇ-ಕಾರದ ಹಿಂದಿದ್ದ ಕ-ಕಾರ ಚ-ಕಾರವಾಯಿತು.

ಹಸಿರು ಮತ್ತು ಹಳದಿ ಇನ್ನೂ ಚೆನ್ನಾಗಿವೆ. ಸಂಸ್ಕೃತದಲ್ಲಿ ‘ಹ’ ಇರುವ ಕಡೆ ಸ್ಲಾವ್ ಭಾಷೆಗಳಲ್ಲಿ ಉಜ್ಜಿ ಹೇಳುವ ‘ಜ’ ಬರುತ್ತದೆ. ಹಿಮಕ್ಕೆ ಸಂಬಂಧಿಸಿದ ರಷ್ಯನ್ ‘ಜಿಮಾ’ (ಚಳಿಗಾಲ) ಇದಕ್ಕೆ ಪಾಠಪುಸ್ತಕದ ಉದಾಹರಣೆ. ಅದೇ ನಿಯಮದಂತೆ ‘ಹರಿತ’ಕ್ಕೆ ಎದುರು ‘ಜೆಲ್ಯೋನಿ’ (ಹಸಿರು), ‘ಹಿರಣ್ಯ’ಕ್ಕೆ ಎದುರು ‘ಜೋಲೊತೊ’ (ಚಿನ್ನ). ಹಳದಿಯ ‘ಝೋಲ್ತಿ’ಯೂ ಅದೇ ಧಾತುವಿನ ಕೂಸು, ಆದರೆ ಬೇರೆ ಧ್ವನಿದಾರಿಯಲ್ಲಿ ಬಂದದ್ದು. ಒಂದೇ ಧಾತು ಹಸಿರು, ಹಳದಿ, ಚಿನ್ನ ಮೂರಕ್ಕೂ ಹೆಸರಾಯಿತು ಎಂದರೆ ಮೊದಲಿಗೆ ಅದು ಚಿಗುರು, ಮಾಗಿದ ಬೆಳೆ, ಲೋಹದ ಹೊಳಪು ಇವೆಲ್ಲವನ್ನೂ ಒಳಗೊಂಡ ಅಗಲವಾದ ಅರ್ಥದ್ದಾಗಿತ್ತು ಎಂದಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಿಬಿಡಬೇಕು. ಕಂದು ಕಣ್ಣಿಗೆ ರಷ್ಯನ್ನರು ‘ಕಾರಿ’ ಎನ್ನುತ್ತಾರೆ. ಅದು ತುರ್ಕಿ ಭಾಷೆಗಳ ‘ಕರ’ (ಕಪ್ಪು) ಪದದಿಂದ ಬಂದದ್ದು. ನಮ್ಮ ‘ಕರಿ’ಯನ್ನು ನೆನಪಿಸುತ್ತದೆ ಎಂದು ಅದಕ್ಕೆ ಸಂಬಂಧ ಕಲ್ಪಿಸಿ ಉತ್ಸಾಹದಿಂದ ಬರೆಯುವವರಿದ್ದಾರೆ. ಕೃಷ್ಣ-ಚಿರ್ನು ನಂಟನ್ನು ನಂಬುವುದು ಅವು ಒಂದೇ ಥರ ಕೇಳಿಸುತ್ತವೆಂದಲ್ಲ. ನಿಜ ಹೇಳಬೇಕೆಂದರೆ ಅವು ಹಾಗೆ ಕೇಳಿಸುವುದೂ ಇಲ್ಲ. ನೂರಾರು ಬೇರೆ ಪದಗಳಲ್ಲಿ ಕಂಡ ಧ್ವನಿನಿಯಮವೇ ಇಲ್ಲಿಯೂ ನಡೆಯುತ್ತದೆ ಎಂಬುದು ನಂಬಿಕೆಗೆ ಆಧಾರ. ಕರ-ಕರಿಗೆ ಅಂಥ ನಿಯಮದ ಬೆಂಬಲವಿಲ್ಲ.

ಕೆಂಪು: ಬೇರಿನಲ್ಲಿದ್ದ ಹುಳು

ಇಂಡೋ-ಯೂರೋಪಿಯನ್ ಭಾಷೆಗಳಲ್ಲಿ ಅತಿ ಗಟ್ಟಿಯಾಗಿ ಉಳಿದ ಬಣ್ಣದ ಪದ ಕೆಂಪಿನದು. ಸಂಸ್ಕೃತದ ರುಧಿರ, ರೋಹಿತ, ಇಂಗ್ಲಿಷಿನ ರೆಡ್, ಜರ್ಮನ್ನಿನ ರೋಟ್ ಎಲ್ಲವೂ ಒಂದೇ ಧಾತುವಿನವು. ಸ್ಲಾವ್ ಭಾಷೆಗಳಲ್ಲೂ ಆ ಧಾತು ಇದೆ, ಆದರೆ ಮೂಲೆಗೆ ಸರಿದಿದೆ. ‘ರುದಾ’ ಎಂದರೆ ಅದಿರು. ರಷ್ಯನ್ನಿನ ‘ರ್‍ಝಾವ್ಚಿನಾ’, ಪೋಲಿಷಿನ ‘ರ್ಜಾ’ ಎಂದರೆ ತುಕ್ಕು. ಪೋಲಿಷಿನ ‘ರೂದಿ’, ರಷ್ಯನ್ನಿನ ‘ರೀಝಿ’ ಕೆಂಚುಗೂದಲಿಗೆ ಮಾತ್ರ. ಸಾಮಾನ್ಯ ಕೆಂಪಿನ ಜಾಗವನ್ನು ಬೇರೆ ಪದ ಹಿಡಿಯಿತು. ಪೋಲಿಷಿನಲ್ಲಿ ಚೆರ್ವೋನಿ, ಚೆಕ್‌ನಲ್ಲಿ ಚೆರ್ವೆನಿ, ಉಕ್ರೇನಿಯನ್ನಿನಲ್ಲಿ ಚೆರ್ವೋನಿಯ್, ಬಲ್ಗೇರಿಯನ್ನಿನಲ್ಲಿ ಚೆರ್ವೆನ್, ಸರ್ಬಿಯನ್ನಿನಲ್ಲಿ ತ್ಸರ್ವೆನ್.

ಇವುಗಳ ಮೂಲ ‘ಚಿರ್ವಿ’, ಅಂದರೆ ಹುಳು. ಸಂಸ್ಕೃತದ ‘ಕೃಮಿ’ಯ ಸೋದರ. ಕೃಮಿಯಲ್ಲಿ ‘ಮ’, ಇಲ್ಲಿ ‘ವ’ ಯಾಕೆ ಎಂದು ಕೇಳಬಹುದು. ಸ್ಲಾವರ ಮೊದಲ ಧಾರ್ಮಿಕ ಗ್ರಂಥಗಳ ಭಾಷೆಯಾದ ಹಳೆಯ ಚರ್ಚ್ ಸ್ಲಾವೊನಿಕ್‌ನಲ್ಲಿ ಕೆಂಪು ಸಮುದ್ರದ ಹೆಸರು ‘ಚೆರ್ಮ್ನೊಯೆ ಮೋರೆ’. ಆ ಪದದಲ್ಲಿ ಮ-ಕಾರ ಹಾಗೆಯೇ ಉಳಿದಿದೆ, ಎಂದರೆ ಎರಡೂ ರೂಪಗಳು ಚಲಾವಣೆಯಲ್ಲಿದ್ದವು. ವ್ಯಾಕರಣದ ಇನ್ನೊಂದು ವಿವರವೂ ಮುಖ್ಯ: ‘ಚಿರ್ವೆನು’ವಿನ ಕೊನೆಯ ‘ಎನು’ ಕ್ರಿಯಾಪದದಿಂದ ಮಾಡುವ ಭೂತಕೃದಂತದ ಪ್ರತ್ಯಯ. ಆದ್ದರಿಂದ ಅದರ ಅರ್ಥ ‘ಹುಳುವಿನ ಹಾಗೆ ಕೆಂಪಾದ’ ಎಂದಲ್ಲ, ‘ಹುಳು ಹಾಕಿ ಬಣ್ಣ ಕಟ್ಟಿದ’ ಎಂದು. ಪದ ಹುಟ್ಟಿದ್ದು ಬಣ್ಣಗಾರರ ಕೈಯಲ್ಲಿ.

ಆ ಹುಳು ಪೋರ್ಫಿರೊಫೊರಾ ಪೊಲೊನಿಕಾ, ಪೋಲಿಷ್ ಕೊಚಿನೀಲ್. ಪೋಲೆಂಡ್, ಉಕ್ರೇನ್, ಲಿಥುವೇನಿಯಾಗಳ ಮರಳು ನೆಲದಲ್ಲಿ ಬೆಳೆಯುವ ಸ್ಕ್ಲೆರಾಂಥಸ್ ಎಂಬ ಕುಳ್ಳ ಗಿಡದ ಬೇರಿಗೆ ಇದರ ಮರಿಗಳು ಗುಂಡು ಕಾಳುಗಳಂತೆ ಅಂಟಿಕೊಂಡಿರುತ್ತವೆ. ಜೂನ್ 24ರ ಸಂತ ಜಾನ್ ಹಬ್ಬದ ಆಸುಪಾಸಿನಲ್ಲಿ ಗಿಡವನ್ನು ಬೇರುಸಹಿತ ಎತ್ತಿ, ಕಾಳುಗಳನ್ನು ಬಿಡಿಸಿಕೊಂಡು, ಗಿಡವನ್ನು ಮತ್ತೆ ನೆಲಕ್ಕೇ ಊರುತ್ತಿದ್ದರು. ಹುಳುವನ್ನು ಕುದಿಯುವ ನೀರು ಇಲ್ಲವೆ ವಿನೆಗರ್ ಹಾಕಿ ಸಾಯಿಸಿ, ಒಣಗಿಸಿ, ಪುಡಿ ಮಾಡಿ, ಪಟಿಕ ಕಟ್ಟಿದ ಉಣ್ಣೆಗೋ ರೇಷ್ಮೆಗೋ ಬಣ್ಣ ಹಾಕುತ್ತಿದ್ದರು. ಕೆಲವು ದಿನ ತಡವಾದರೂ ನಷ್ಟ, ಏಕೆಂದರೆ ಬಲಿತ ಹೆಣ್ಣು ಹುಳು ಬೇರನ್ನು ಬಿಟ್ಟು ಹೊರಬರುತ್ತದೆ. ಜೊತೆಗೆ ಇದರಲ್ಲಿ ಬಣ್ಣದ ಸಾರವಾದ ಕಾರ್ಮಿನಿಕ್ ಆಮ್ಲ ಒಣ ತೂಕದ ಶೇಕಡಾ 1ಕ್ಕಿಂತ ಕಡಿಮೆ, ಕೊಬ್ಬು ಬಹಳ. ಕೊಬ್ಬು ತೆಗೆಯದೆ ಕಡಾಯಿಗೆ ಹಾಕಿದರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಸ್ಪೇನಿನವರು 16ನೇ ಶತಮಾನದಲ್ಲಿ ಮೆಕ್ಸಿಕೊದಿಂದ ತಂದ ಕೊಚಿನೀಲಿನಲ್ಲಿ ಅದೇ ಆಮ್ಲ ಹತ್ತಾರು ಪಟ್ಟು ಹೆಚ್ಚು. ಪೋಲಿಷ್ ಹುಳುವಿನ ವ್ಯಾಪಾರ ಬಿದ್ದುಹೋಯಿತು. ಪದ ಉಳಿಯಿತು.

ತಿಂಗಳ ಹೆಸರುಗಳಲ್ಲೂ ಈ ಹುಳು ಇದೆ. ಜೂನ್‌ಗೆ ಪೋಲಿಷಿನಲ್ಲಿ ಚೆರ್ವ್ಯೆತ್ಸ್, ಉಕ್ರೇನಿಯನ್ನಿನಲ್ಲಿ ಚೆರ್ವೆನ್, ಚೆಕ್‌ನಲ್ಲಿ ಚೆರ್ವೆನ್. ಚೆಕ್ಕರು ಜುಲೈಗೂ ಅದನ್ನೇ ಎಳೆದು ಚೆರ್ವೆನೆತ್ಸ್ ಎಂದರು. ಅರಬ್ಬರ ‘ಕಿರ್ಮಿಜ್’, ಅಲ್ಲಿಂದ ಯೂರೋಪಿನ ಕ್ರಿಮ್ಸನ್, ಕಾರ್ಮೈನ್, ಇತ್ತ ನಮ್ಮ ‘ಕಿರಮಂಜಿ’ ಬಣ್ಣ ಕೂಡ ಇದೇ ಧಾತುವಿನ ಪರ್ಷಿಯನ್ ಹುಳುವಿನಿಂದ ಬಂದವು. ಹುಳು ಬೇರೆ ಜಾತಿಯದು, ತರ್ಕ ಅದೇ.

ರಷ್ಯನ್ ಈ ಸಾಲಿನಿಂದ ಹೊರಗುಳಿಯಿತು. ಅಲ್ಲಿ ಕೆಂಪಿಗೆ ‘ಕ್ರಾಸ್ನಿ’. ಅದರ ಮೊದಲ ಅರ್ಥ ‘ಚೆಂದದ’, ‘ಶ್ರೇಷ್ಠ’. ಚೆಕ್‌ನಲ್ಲಿ ‘ಕ್ರಾಸ್ನಿ’ ಇವತ್ತಿಗೂ ಸುಂದರವೇ, ರಷ್ಯನ್ನಿನ ‘ಕ್ರಸೊತಾ’ ಎಂದರೆ ಸೌಂದರ್ಯವೇ. ಮನೆಯಲ್ಲಿ ದೇವರ ಚಿತ್ರವಿಡುವ ‘ಕ್ರಾಸ್ನಿ ಉಗೊಲ್’ ಕೆಂಪು ಮೂಲೆಯಲ್ಲ, ಗೌರವದ ಮೂಲೆ. ಮಾಸ್ಕೋದ ‘ಕ್ರಾಸ್ನಯಾ ಪ್ಲೋಶ್ಚಾದ್’ಗೆ ಆ ಹೆಸರು ಬಂದದ್ದು 17ನೇ ಶತಮಾನದಲ್ಲಿ. ಕಮ್ಯುನಿಸ್ಟರಿಂದಾಗಿ ರೆಡ್ ಸ್ಕ್ವೇರ್ ಆಯಿತು ಎಂಬುದು ಇನ್ನೂ ಓಡಾಡುತ್ತಿರುವ ತಪ್ಪು ಮಾಹಿತಿ. ಚೆಂದದಿಂದ ಕೆಂಪಿಗೆ ಬರಲು ದಾರಿಯಾದದ್ದೂ ಬಣ್ಣಗಾರಿಕೆಯೇ ಇರಬೇಕು. ‘ಕ್ರಾಸಿತ್’ ಎಂದರೆ ಬಣ್ಣ ಹಾಕು, ‘ಕ್ರಾಸ್ಕಾ’ ಎಂದರೆ ಬಣ್ಣ. ಬಣ್ಣ ಹಾಕಿದ ಬಟ್ಟೆಗಳಲ್ಲಿ ಬೆಲೆಬಾಳುವುದು ಕೆಂಪು. ಹಳೆಯ ಹುಳುಪದ ರಷ್ಯನ್ನಿನಲ್ಲಿ ಈಗ ಇಸ್ಪೀಟಿನ ಆಟೀನು ಎಲೆಯ ಹೆಸರಿನಲ್ಲಿ (‘ಚೆರ್ವಿ’) ಮತ್ತು ಅಪರಂಜಿಗೆ ಹೇಳುವ ‘ಚೆರ್ವೋನ್ನಿ’ಯಲ್ಲಿ ಉಸಿರಾಡುತ್ತಿದೆ.

ನೀಲಿ: ಅವರವರ ದಾರಿ

‘ಸಿನಿ’ ಎಂಬ ಪದ ಎಲ್ಲ ಸ್ಲಾವ್ ಭಾಷೆಗಳಿಗೂ ಬಳುವಳಿಯಾಗಿ ಬಂದದ್ದೇ. ಆದರೆ ಅದರ ಅರ್ಥ ನೀಲಿ ಎಂದು ಗಟ್ಟಿಯಾಗಿರಲಿಲ್ಲ. ‘ಹೊಳೆ’ ಎಂಬರ್ಥದ ‘ಸಿಯಾತಿ’ ಧಾತುವಿಗೆ ಅದನ್ನು ಸಾಮಾನ್ಯವಾಗಿ ಜೋಡಿಸುತ್ತಾರೆ. ಹಳೆಯ ಪಠ್ಯಗಳಲ್ಲಿ ಕಡುಗಪ್ಪು, ಮಿಂಚಿನ ಹೊಳಪು, ಬಾವು ಬಂದ ಚರ್ಮದ ಬಣ್ಣ ಎಲ್ಲಕ್ಕೂ ಅದೇ ಪದ. ಬೈಬಲಿನ ಜ್ಞಾನೋಕ್ತಿಗಳ 23ನೇ ಅಧ್ಯಾಯದ 29ನೇ ವಚನ ಕುಡುಕನ ಕೆಂಪು ಕಣ್ಣಿನ ಬಗ್ಗೆ ಕೇಳುತ್ತದೆ. ಚರ್ಚ್ ಸ್ಲಾವೊನಿಕ್ ಅನುವಾದ ಅಲ್ಲಿ ‘ಕೊಮು ಸಿನಿ ಒಚಿ’ ಎನ್ನುತ್ತದೆ. ಇಂದಿನ ರಷ್ಯನ್ನನಿಗೆ ಅದು ‘ಯಾರಿಗೆ ನೀಲಿ ಕಣ್ಣು?’ ಎಂದು ಕೇಳಿಸುತ್ತದೆ. 1876ರಲ್ಲಿ ಪೂರ್ಣಗೊಂಡ ರಷ್ಯನ್ ಸಿನೊಡಲ್ ಬೈಬಲಿನಲ್ಲಿ ಆ ಜಾಗಕ್ಕೆ ‘ಬಗ್ರೋವಿಯೆ’, ಅಂದರೆ ರಕ್ತಗೆಂಪು, ಎಂದು ಹಾಕಿದ್ದಾರೆ. ಹಳೆಯ ಪಠ್ಯ ಓದುವವರು ಎಡವುವುದು ಇಂಥಲ್ಲೇ. ಬಣ್ಣದ ಪದ ಕಂಡಾಗ ಇಂದಿನ ನಿಘಂಟನ್ನು ಬಿಚ್ಚುವ ಮೊದಲು ಅದು ಯಾವ ಯಾವ ವಸ್ತುವಿಗೆ ವಿಶೇಷಣವಾಗಿ ಬಂದಿದೆ ಎಂದು ಪಟ್ಟಿ ಮಾಡಿಕೊಳ್ಳಬೇಕು.

ಹೀಗೆ ಸಡಿಲವಾಗಿದ್ದ ಪದವನ್ನು ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್ ಭಾಷೆಗಳು ನೀಲಿಗೆ ಬಿಗಿದುಕೊಂಡವು. ಪೋಲಿಷಿನಲ್ಲಿ ಅದು ‘ಸಿನಿ’ಯಾಗಿ ಪೆಟ್ಟು ಬಿದ್ದ ಚರ್ಮಕ್ಕೆ, ಚಳಿಗೆ ಕಪ್ಪಿಟ್ಟ ತುಟಿಗೆ ಸೀಮಿತವಾಯಿತು. ರಷ್ಯನ್ ಬಲ್ಲವರು ಪೋಲಿಷ್ ಅನುವಾದಿಸುವಾಗ ಮಾಡುವ ಮೊದಲ ತಪ್ಪು ಇದು.

ಪೋಲಿಷಿನ ಸಾಮಾನ್ಯ ನೀಲಿ ‘ನ್ಯೆಬ್ಯೆಸ್ಕಿ’, ‘ನ್ಯೆಬೊ’ ಎಂದರೆ ಆಕಾಶ. ಅದೇ ಪದಕ್ಕೆ ‘ಸ್ವರ್ಗದ’ ಎಂಬ ಹಳೆಯ ಅರ್ಥವೂ ಇರುವುದರಿಂದ ಪ್ರಾರ್ಥನೆಯ ‘ಸ್ವರ್ಗರಾಜ್ಯ’ ಪೋಲಿಷ್ ಮಕ್ಕಳ ಕಿವಿಗೆ ನೀಲಿರಾಜ್ಯವಾಗುವುದೂ ಸಾಧ್ಯ. ಕಡುನೀಲಿಗೆ ಅವರದು ‘ಗ್ರಾನಾತೋವಿ’. ‘ಗ್ರಾನಾತ್’ ಎಂದರೆ ದಾಳಿಂಬೆ, ಕೆಂಪು ರತ್ನ. ಆದರೂ ‘ಗ್ರಾನಾತೋವಿ’ಯ ಅರ್ಥ ನೇವಿ ಬ್ಲೂ. ಚೆಕ್ ಮತ್ತು ಸ್ಲೋವಾಕ್‌ನಲ್ಲಿ ‘ಮೊದ್ರಿ’, ಸ್ಲೊವೀನಿಯನ್ನಿನಲ್ಲಿ ‘ಮೊದೆರ್’. ಸರ್ಬಿಯನ್ನಿನಲ್ಲಿ ಆ ಧಾತು ‘ಮೊದ್ರಿತ್ಸಾ’ ಆಗಿ ಚರ್ಮದ ಮೇಲಿನ ಬಾವಿನ ಕಲೆಯಾಯಿತು. ಸ್ಲೋವಾಕರಿಗೆ ತಿಳಿನೀಲಿ ‘ಬೆಲಸಿ’, ಅದರ ಬೇರು ಬಿಳಿ.

ಸರ್ಬಿಯನ್, ಕ್ರೊಯೇಷಿಯನ್ ಭಾಷೆಗಳ ‘ಪ್ಲಾವ್’ ಎಲ್ಲಕ್ಕಿಂತ ವಿಚಿತ್ರ. ‘ಪ್ಲಾವೊ ನೆಬೊ’ ಎಂದರೆ ನೀಲಿ ಆಕಾಶ, ‘ಪ್ಲಾವಾ ಕೋಸಾ’ ಎಂದರೆ ಹೊಂಬಣ್ಣದ ಕೂದಲು, ‘ಪ್ಲಾವುಶಾ’ ಎಂದರೆ ಬ್ಲಾಂಡ್ ಹೆಂಗಸು. ಮೂಲ ಅರ್ಥ ಪೇಲವವಾದ, ಒಣಹುಲ್ಲಿನ ಹಳದಿ. ರಷ್ಯನ್ನಿನಲ್ಲಿ ನಾಯಿ-ಕುದುರೆಗಳಿಗೆ ಹೇಳುವ ‘ಪೊಲೋವಿ’, ಪೋಲಿಷಿನ ‘ಪ್ವೋವಿ’ ಅದೇ ಅರ್ಥ ಉಳಿಸಿಕೊಂಡಿವೆ. ಸಂಸ್ಕೃತದಲ್ಲಿ ಇದರ ಸೋದರ ‘ಪಲಿತ’, ನರೆತ ಕೂದಲು. ಪದದ ತಿರುಳು ವರ್ಣವಲ್ಲ, ಬಣ್ಣ ಮಾಸಿದ ತೆಳುಪು. ತೆಳುಪು ಹಳದಿಯ ಕಡೆಗೂ ವಾಲಬಹುದು, ನೀಲಿಯ ಕಡೆಗೂ ವಾಲಬಹುದು. ದಕ್ಷಿಣ ಸ್ಲಾವರಲ್ಲಿ ಅದು ನೀಲಿಯ ಕಡೆಗೆ ಜಾರಿತು, ಕೂದಲಿನ ವಿಷಯದಲ್ಲಿ ಮಾತ್ರ ಹಳೆಯ ಅರ್ಥ ಅಲುಗಾಡಲಿಲ್ಲ.

ಇನ್ನು ‘ಗೊಲುಬೊಯ್’. ‘ಗೋಲುಬ್’ ಎಂದರೆ ಪಾರಿವಾಳ, ಅದರ ಕತ್ತಿನ ಬೂದುನೀಲಿ. ರಷ್ಯನ್ನಿನಲ್ಲಿ ಮೊದಮೊದಲು ಕುದುರೆಯ ಮೈಬಣ್ಣಕ್ಕೆ ಬಳಕೆಯಾಗಿ, ಕ್ರಮೇಣ ತಿಳಿನೀಲಿಗೆ ಸ್ವತಂತ್ರ ಹೆಸರಾಯಿತು. ಕಾಮನಬಿಲ್ಲಿನ ಏಳು ಬಣ್ಣ ನೆನಪಿಡಲು ರಷ್ಯನ್ ಮಕ್ಕಳು ಹೇಳುವ ‘ಪ್ರತಿ ಬೇಟೆಗಾರನಿಗೂ ಫೆಸೆಂಟ್ ಹಕ್ಕಿ ಎಲ್ಲಿ ಕೂತಿದೆ ಎಂದು ತಿಳಿಯುವಾಸೆ’ ಎಂಬ ವಾಕ್ಯದಲ್ಲಿ (ರಷ್ಯನ್ನಿನಲ್ಲಿ ಅದರ ಪ್ರತಿ ಪದದ ಮೊದಲಕ್ಷರ ಒಂದು ಬಣ್ಣದ ಮೊದಲಕ್ಷರ) ಐದನೆಯದು ಗೊಲುಬೊಯ್, ಆರನೆಯದು ಸಿನಿ. ಅವರಿಗೆ ಇದು ಒಂದೇ ಬಣ್ಣದ ಎರಡು ಛಾಯೆಯಲ್ಲ, ಎರಡು ಬಣ್ಣ.

ಈಗ ಉಕ್ರೇನಿನ ತಕರಾರಿಗೆ ಬರೋಣ. ಪಾರಿವಾಳಕ್ಕೆ ಉಕ್ರೇನಿಯನ್ನಿನಲ್ಲೂ ‘ಹೋಲುಬ್’. ಅದು ಮೂಲಸ್ಲಾವ್‌ನಿಂದ ನೇರವಾಗಿ ಇಳಿದ ಪದ, ‘ಗ’ ಇದ್ದಲ್ಲಿ ‘ಹ’ ಬಂದಿರುವುದೇ ಅದು ಉಕ್ರೇನಿಯನ್ ಬಾಯಲ್ಲಿ ಬೆಳೆದದ್ದಕ್ಕೆ ಗುರುತು. ‘ಬ್ಲಾಕಿತ್ನಿಯ್’ ಮಾತ್ರ ಹೊರಗಿನದು: ಚೆಕ್‌ನ ‘ಬ್ಲಾಂಕಿತ್ನಿ’ ಪೋಲಿಷಿಗೆ ಹೋಗಿ ‘ಬ್ವೆಂಕಿತ್ನಿ’ಯಾಗಿ, ಅಲ್ಲಿಂದ ಉಕ್ರೇನಿಗೆ ಬಂತು. ಎಂದರೆ ಪರಕೀಯವೆಂದು ದೂರ ಇಡುತ್ತಿರುವುದು ಮನೆಯ ಪದವನ್ನು, ಸ್ವಂತದ್ದೆಂದು ಅಪ್ಪಿಕೊಂಡಿರುವುದು ಸಾಲದ ಪದವನ್ನು. ಹಾಗೆಂದು ತಿದ್ದುವವರನ್ನು ಪೆದ್ದರೆನ್ನುವುದೂ ತಪ್ಪು. ರಷ್ಯನ್ನಿನಲ್ಲಿ ಇಲ್ಲದ ಪದವನ್ನೇ ಬೇಕೆಂದು ಆರಿಸಿಕೊಳ್ಳುವುದು ಗಡಿ ಹಾಕುವ ಕೆಲಸ, ಅದಕ್ಕೆ ವ್ಯುತ್ಪತ್ತಿಯ ಹಂಗಿಲ್ಲ. ಆದರೆ ‘ಹೊಲುಬಿಯ್ ಉಕ್ರೇನಿಯನ್ ಪದವೇ ಅಲ್ಲ’ ಎಂಬ ಮಾತಿಗೆ ಭಾಷಾಚರಿತ್ರೆಯ ಆಸರೆ ಇಲ್ಲ. ಸಂವಿಧಾನದ ‘ಸಿನಿಯ್’ ಈ ಜಗಳದಿಂದ ಹೊರಗಿರುವುದು ಅದು ಎರಡೂ ಕಡೆಯವರಿಗೆ ಸಮಾನ ಆಸ್ತಿಯಾದ್ದರಿಂದ.

ಎರಡು ನೀಲಿಗಳ ಮಾತು ಬಂದಾಗೆಲ್ಲ ‘ರಷ್ಯನ್ನರ ಕಣ್ಣಿಗೆ ನೀಲಿ ಹೆಚ್ಚು ಕಾಣುತ್ತದೆ’ ಎಂಬ ತಲೆಬರಹವೂ ಬರುತ್ತದೆ. ಅದಕ್ಕೆ ಆಧಾರ ಜೊನಾಥನ್ ವಿನಾವರ್, ಲೆರಾ ಬೊರೊಡಿಟ್ಸ್ಕಿ ಮತ್ತು ಸಂಗಡಿಗರ 2007ರ ಪ್ರಯೋಗ. ಕಡುನೀಲಿಯಿಂದ ತಿಳಿನೀಲಿಯವರೆಗೆ 20 ಛಾಯೆಗಳು. ಪರದೆಯಲ್ಲಿ ಮೂರು ಚೌಕ, ಮೇಲಿನದಕ್ಕೆ ಕೆಳಗಿನ ಎರಡರಲ್ಲಿ ಯಾವುದು ಹೊಂದುತ್ತದೆ ಎಂದು ಬೇಗ ಒತ್ತಬೇಕು. ಕೆಳಗಿನ ಎರಡು ಚೌಕಗಳಲ್ಲಿ ಒಂದು ಸಿನಿ, ಇನ್ನೊಂದು ಗೊಲುಬೊಯ್ ಆಗಿದ್ದಾಗ ರಷ್ಯನ್ ಮಾತಾಡುವವರು ಬೇಗ ಉತ್ತರಿಸಿದರು. ಇಂಗ್ಲಿಷ್ ಮಾತಾಡುವವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ತಲೆಬರಹ ಬಿಟ್ಟುಬಿಡುವ ಭಾಗ ಇದು: ಅದೇ ಹೊತ್ತಿಗೆ ಎಂಟು ಅಂಕಿಗಳ ಸಂಖ್ಯೆಯೊಂದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿರಿ ಎಂದಾಗ ರಷ್ಯನ್ನರ ಅನುಕೂಲ ಮಾಯವಾಯಿತು. ಕಣ್ಣೇ ಬೇರೆಯಾಗಿದ್ದರೆ ಅಂಕಿ ಹೇಳಿಕೊಂಡ ಮಾತ್ರಕ್ಕೆ ಅದು ಬದಲಾಗಬಾರದಿತ್ತು. ಕೆಲಸ ಮಾಡುತ್ತಿದ್ದುದು ನಾಲಿಗೆಯ ತುದಿಯಲ್ಲಿದ್ದ ಪದ. ಅದೂ ಕ್ಷಣದ ಸಣ್ಣ ಭಾಗದಷ್ಟು ವ್ಯತ್ಯಾಸ.

ಉಳಿದವು: ಕುದುರೆ, ಕಾಫಿ, ದಾಲ್ಚಿನ್ನಿ

ಕಂದಿಗೆ ಸ್ಲಾವರಲ್ಲಿ ಪದಗಳ ಕೊರತೆ ಇರಲಿಲ್ಲ, ಇದ್ದವೆಲ್ಲ ಕುದುರೆಗೆ ಕಟ್ಟುಬಿದ್ದಿದ್ದವು. ರಷ್ಯನ್ನಿನ ಗ್ನೆದೊಯ್, ಬುಲಾನಿ, ಕೌರಿ, ಚಾಲಿ, ಸವ್ರಾಸಿ ಒಂದೊಂದೂ ಒಂದೊಂದು ಮೈಬಣ್ಣದ ಕುದುರೆ. ಇವುಗಳಲ್ಲಿ ಗ್ನೆದೊಯ್ ಬಿಟ್ಟು ಉಳಿದವು ಹುಲ್ಲುಗಾವಲಿನ ತುರ್ಕಿ ಜನರಿಂದ ಕುದುರೆಯ ಜೊತೆಗೇ ಬಂದವು. ಮೇಜಿಗೆ, ಕೋಟಿಗೆ ಹೇಳುವ ಸಾಮಾನ್ಯ ಕಂದು ಬೇಕಾದಾಗ ಚೆಕ್ಕರು ಆ ಗ್ನೆದೊಯ್‌ನ ಸೋದರ ‘ಹ್ನೇದಿ’ಯನ್ನೇ ಲಾಯದಿಂದ ಹೊರತಂದರು. ರಷ್ಯನ್ನರು ದಾಲ್ಚಿನ್ನಿಯ ‘ಕೊರೀತ್ಸಾ’ದಿಂದ ‘ಕೊರೀಚ್ನೆವಿ’ ಮಾಡಿದರು. ಬಲ್ಗೇರಿಯನ್ನರಿಗೆ ತುರ್ಕಿ ಕಾಫಿಯಿಂದ ‘ಕಫ್ಯಾವ್’, ಪೋಲಿಷರಿಗೆ ಕಂಚಿನಿಂದ ‘ಬ್ರೊಂಜೋವಿ’, ಸರ್ಬಿಯನ್ನರಿಗೆ ಜರ್ಮನ್ನಿನ ‘ಬ್ರೌನ್’, ಸ್ಲೊವೀನಿಯನ್ನರಿಗೆ ತುಕ್ಕಿನಿಂದ ‘ರ್‍ಯಾವ್’. ಯಾರು ಯಾರ ಪಕ್ಕದಲ್ಲಿದ್ದರು, ಯಾರ ಆಳ್ವಿಕೆಯಲ್ಲಿದ್ದರು ಎಂಬುದನ್ನು ಈ ಒಂದು ಬಣ್ಣದಿಂದಲೇ ಬಹುಮಟ್ಟಿಗೆ ಊಹಿಸಬಹುದು. ಕನ್ನಡದಲ್ಲೂ ಕೆಂಪು, ಕಪ್ಪು, ಬಿಳಿ, ಹಸಿರು ಅಚ್ಚಗನ್ನಡ. ನೀಲಿ ಸಂಸ್ಕೃತದ್ದು, ಗುಲಾಬಿ ಪರ್ಷಿಯನ್ನಿನದು, ಕಿತ್ತಳೆ-ನೇರಳೆ ಹಣ್ಣಿನವು, ಬೂದು ಒಲೆಯದು.

ಕಿತ್ತಳೆಯ ಪದ ಸ್ಲಾವರನ್ನು ಮೂರು ದಾರಿಗಳಲ್ಲಿ ತಲುಪಿತು. ಸಂಸ್ಕೃತದ ‘ನಾರಂಗ’ (ಅದರ ಹಿಂದೆ ದ್ರಾವಿಡ ಮೂಲವಿದೆ ಎಂಬುದು ಬಹುಜನರ ಅಭಿಪ್ರಾಯ) ಪರ್ಷಿಯನ್, ಅರಬ್ಬಿ, ತುರ್ಕಿಗಳ ಮೂಲಕ ಸರ್ಬಿಯನ್ನಿಗೆ ಬಂದು ನ-ಕಾರವನ್ನು ಉಳಿಸಿಕೊಂಡೇ ‘ನರಂಜಸ್ತ್’ ಆಯಿತು. ಇಟಲಿಯಲ್ಲಿ ನ-ಕಾರ ಕಳೆದುಕೊಂಡು, ಸೇಬಿನ ‘ಪೋಮೊ’ ಅಂಟಿಸಿಕೊಂಡು ಪೋಲೆಂಡಿಗೆ ಬಂದದ್ದು ‘ಪೊಮರಾಂಚೋವಿ’. ಫ್ರೆಂಚಿನಿಂದ ನೇರ ರಷ್ಯನ್ನಿಗೆ ಇಳಿದದ್ದು ‘ಒರಾಂಝೆವಿ’. ಉಕ್ರೇನಿಯನ್ ನಿಘಂಟುಗಳಲ್ಲಿ ‘ಪೊಮರಾಂಚೆವಿಯ್’, ‘ಒರಾನ್ಝೆವಿಯ್’ ಎರಡೂ ಇವೆ. 2004ರ ಚಳಿಗಾಲದಲ್ಲಿ ಕೀವ್‌ನ ಮೈದಾನದಲ್ಲಿ ನಡೆದ ‘ಕಿತ್ತಳೆ ಕ್ರಾಂತಿ’ ಚಳವಳಿಗೆ ಅಂಟಿಕೊಂಡದ್ದು ಪೋಲಿಷ್ ದಾರಿಯಲ್ಲಿ ಬಂದ ‘ಪೊಮರಾಂಚೆವಾ’. ರಷ್ಯನ್ ಪತ್ರಿಕೆಗಳು ಅದನ್ನೇ ‘ಒರಾಂಝೆವಯಾ’ ಎಂದು ಬರೆದವು.